ಟ್ರಿಪ್ ಆದ ಡ್ರೈವೆಲ್ಲ ಕೆಟ್ಟ ಡ್ರೈವ್ ಅಲ್ಲ

ಪ್ರಶ್ನೆ: ಸಾರ್, ನಮ್ದು 5 ಎಚ್‌ಪಿ ತ್ರೀ ಫೇಸ್ ಮೋಟರ್, ವಿಎಫ್‌ಡಿ (ಮೋಟರ್ ವೇಗ ಹೆಚ್ಚು ಕಮ್ಮಿ ಮಾಡೋ ಡ್ರೈವ್) ಮೇಲೆ ಓಡತ್ತೆ. ಬೆಳಿಗ್ಗೆ ಸ್ಟಾರ್ಟ್ ಕೊಟ್ಟ ತಕ್ಷಣ ಓವರ್ ಕರೆಂಟ್ ಅಂತ ತೋರ್ಸಿ ಟ್ರಿಪ್ ಆಗತ್ತೆ, ನಾಕೈದು ಸಲ ರೀಸೆಟ್ ಮಾಡಿದ್ರೆ ಓಡತ್ತೆ, ಆಮೇಲೆ ಸಂಜೆವರೆಗೂ ತೊಂದ್ರೆ ಇಲ್ಲ. ರಿಪೇರಿಯವರು ಡ್ರೈವೇ ಹೋಗಿದೆ, ಹೊಸದು ಹಾಕ್ಸಿ ಅಂತಾರೆ. ಹಾಕಿಸ್ಲಾ?

ಉತ್ತರ: ಈಗ್ಲೇ ಬೇಡ. ಒಳಗಿನ ಐಜಿಬಿಟಿ (ಮೋಟರ್‌ಗೆ ಹೋಗೋ ಕರೆಂಟ್ ಸ್ವಿಚ್ ಮಾಡೋ ಟ್ರಾನ್ಸಿಸ್ಟರ್) ಶಾರ್ಟ್ ಆಗಿದ್ರೆ ಐದನೇ ರೀಸೆಟ್‌ಗೆ ಮನಸ್ಸು ಬದಲಾಯ್ಸಿ ಸಂಜೆವರೆಗೂ ಓಡತ್ತಾ? ನಂಗೆ ಅನುಮಾನ ಬರ್ತಿರೋದು ನೀವು ಬರೆದ ಆ 'ಬೆಳಿಗ್ಗೆ' ಮೇಲೆ, ರಾತ್ರಿ ತಣ್ಣಗಾದ ಮೋಟರ್ ತೇವ ಹಿಡ್ಕೊಂಡು ಬಿಸಿಯಾದ್ಮೇಲೆ ಒಣಗ್ತಿರಬಹುದು, ಇಲ್ಲ ಗೇರ್ ಬಾಕ್ಸ್ ಆಯಿಲ್ ಗಟ್ಟಿಯಾಗಿ ಲೋಡ್ ಬಿಗಿಯಾಗ್ತಿರಬಹುದು. ಮೊದ್ಲು ಆ ರೀಸೆಟ್ ಒತ್ತೋದು ನಿಲ್ಸಿ, ನಿಜವಾಗ್ಲೂ ಶಾರ್ಟ್ ಇದ್ರೆ ಪ್ರತಿ ಸಲ ಏಟು ತಿನ್ನೋದು ಐಜಿಬಿಟಿನೇ, ಚೆನ್ನಾಗಿರೋ ಡ್ರೈವ್ ಹೀಗೇ ಸಾಯತ್ತೆ.

ಸಪ್ಲೈ ಆಫ್ ಮಾಡಿ 10 ನಿಮಿಷ ಬಿಡಿ. ಡಿಸ್‌ಪ್ಲೇ ಆರಿತು ಅಂತ ಕೈ ಹಾಕ್ಬೇಡಿ, 415 ವೋಲ್ಟ್ ಲೈನ್ ಇದ್ರೆ ಡಿಸಿ ಬಸ್‌ನಲ್ಲಿ (ಡ್ರೈವ್ ಒಳಗಿನ ಕೆಪಾಸಿಟರ್ ಲೈನ್) ಹತ್ರ ಹತ್ರ 580 ವೋಲ್ಟ್ ಕೂತಿರತ್ತೆ, ಮೀಟರ್ ಇಟ್ಟು ಅದು ಇಳಿದಿದೆ ಅಂತ ಖಾತ್ರಿ ಮಾಡ್ಕೊಂಡೇ ಮುಟ್ಟಿ. ಆಮೇಲೆ ಮೋಟರ್‌ಗೆ ಹೋಗೋ ಯು, ವಿ, ಡಬ್ಲ್ಯೂ ವೈರ್ ಮೂರನ್ನೂ ಡ್ರೈವಿಂದ ಬಿಚ್ಚಿ ಟೇಪ್ ಸುತ್ತಿ, ಮೋಟರ್ ಇಲ್ದೆ ವಿ/ಎಫ್ ಮೋಡಲ್ಲಿ (ಫ್ರೀಕ್ವೆನ್ಸಿಗೆ ತಕ್ಕ ಹಾಗೆ ವೋಲ್ಟೇಜ್ ಕೊಡೋ ಸಾದಾ ಮೋಡ್) ರನ್ ಕೊಡಿ. ಈಗ್ಲೂ ಓವರ್ ಕರೆಂಟ್ ಬಂತು ಅಂದ್ರೆ ನಿಮ್ಮ ರಿಪೇರಿಯವರ ಮಾತು ನಿಜ. ಬರ್ಲಿಲ್ಲ ಅಂದ್ರೆ ಕೇಬಲ್, ಮೋಟರ್, ಲೋಡ್ ಕಡೆ ನೋಡಿ.

ಮೋಟರ್‌ಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿ, ಆದ್ರೆ ವೈರ್ ಡ್ರೈವ್‌ಗೆ ಸೇರಿದ್ದಾಗ ಖಂಡಿತಾ ಬೇಡ, ಇಲ್ದಿರೋ ಕಾಯಿಲೆನ ನೀವೇ ತಂದಂಗಾಗತ್ತೆ. ಇದನ್ನ ಬೆಳಿಗ್ಗೆ ತಣ್ಣಗಿರೋವಾಗ್ಲೇ ಮಾಡ್ಬೇಕು, ಮಧ್ಯಾಹ್ನ ಓಡಿ ಬಿಸಿಯಾದ ಮೋಟರ್ ಚೆನ್ನಾಗೇ ರೀಡಿಂಗ್ ಕೊಟ್ಟು ಎಲ್ರನ್ನೂ ಯಾಮಾರ್ಸತ್ತೆ. 1 ಮೆಗಾ ಓಮ್‌ಗಿಂತ ಕಮ್ಮಿ ಬಂದ್ರೆ ಟರ್ಮಿನಲ್ ಬಾಕ್ಸ್ ಮುಚ್ಚಳ ತೆಗೀರಿ: ಒಳಮೈಗೆ ನೀರಿನ ಹನಿ, ತಾಮ್ರದ ಮೇಲೆ ಹಸಿರು ಪುಡಿ ಕಂಡ್ರೆ ಕಳ್ಳ ಸಿಕ್ಕ ಹಾಗೇ. ಮೆಗ್ಗರ್ ಚೆನ್ನಾಗಿದ್ರೆ ಶಾಫ್ಟನ್ನ ಕೈಯಲ್ಲಿ ತಿರುಗ್ಸಿ ನೋಡಿ, ಬಿಗಿ ಇದ್ಯಾ? ಡ್ರೈವಲ್ಲಿ ಆಕ್ಸಿಲರೇಷನ್ ಟೈಮ್ (ಪೂರ್ತಿ ವೇಗಕ್ಕೆ ಏರೋ ಸಮಯ) 2 ಸೆಕೆಂಡ್ ಇದ್ರೆ 10 ಮಾಡಿ, ಅಷ್ಟಕ್ಕೇ ಟ್ರಿಪ್ ನಿಂತ್ರೆ ಲೋಡ್‌ದೇ ತಕರಾರು.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ಹಿಂದಿನ ಚಕ್ರ ಆಫ್ ಇದ್ರೂ ಜರ್ಕ್ ಹೊಡೀತಾ ಬಿಗಿಯಾಗಿ ತಿರುಗತ್ತೆ. ಮೋಟರಾ, ಕಂಟ್ರೋಲರಾ?

ಉತ್ತರ: ಹಬ್ ಮೋಟರ್ (ಚಕ್ರದ ಒಳಗೇ ಕೂತಿರೋದು) ಅಂದ್ಕೊಂಡು ಹೇಳ್ತೀನಿ. ಬ್ಯಾಟರಿ ಬಿಚ್ಚಿ, ಮೂರು ದಪ್ಪ ಫೇಸ್ ವೈರನ್ನೂ ಕಂಟ್ರೋಲರಿಂದ ತೆಗೆದು ಒಂದಕ್ಕೊಂದು ತಾಗದ ಹಾಗಿಟ್ಟು ಮತ್ತೆ ತಿರುಗ್ಸಿ. ಸಲೀಸಾಗಿ ತಿರುಗಿದ್ರೆ ಕಂಟ್ರೋಲರ್ ಒಳಗೆ ಕರೆಂಟ್ ಸ್ವಿಚ್ ಮಾಡೋ ಮಾಸ್‌ಫೆಟ್ ಶಾರ್ಟ್. ಆಗ್ಲೂ ಬಿಗಿ ಇದ್ರೆ ವೈಂಡಿಂಗ್ ಅಥವಾ ಬೇರಿಂಗ್. ಚಕ್ರ ಹಗುರಾಗಿದ್ದು ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಜರ್ಕ್ ಹೊಡಿಯೋ ಕೇಸ್ ಬೇರೆ, ಅಲ್ಲಿ ಮೊದ್ಲು ಹಾಲ್ ಸೆನ್ಸರ್ (ಮೋಟರ್ ಎಷ್ಟು ತಿರುಗಿದೆ ಅಂತ ಕಂಟ್ರೋಲರ್‌ಗೆ ತಿಳ್ಸೋದು) ಕನೆಕ್ಟರ್ ತೆಗೆದು ತುಕ್ಕು ನೋಡ್ಬೇಕು.