ಕೇಕಿಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಬೆಣ್ಣೆ ಬದಲು ಕೊಬ್ಬರಿ ಎಣ್ಣೆ ಕರಗಿಸಿ ಹಾಕಿದರೆ ಆಗುತ್ತದಾ? ಕೆಲವರು ಹಾಕಿಯೂ ಆಗಿದೆ, ಕೇಕ್ ಕೆಟ್ಟೂ ಆಗಿದೆ, ಈಗ ಕಾರಣ ಕೇಳುತ್ತಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಎಣ್ಣೆಯನ್ನು ಚೆನ್ನಾಗಿ ಕರಗಿಸಿಯೇ ಹಾಕಿದೆ. ಮೊಟ್ಟೆ, ಮೊಸರು ಇದ್ದ ಬಟ್ಟಲಿಗೆ ಸುರಿದ ಕೂಡಲೇ ಬಿಳಿ ಬಿಳಿ ಹರಳಾಯಿತು. ಎಷ್ಟು ಕಲಕಿದರೂ ಹೋಗಲಿಲ್ಲ. ಕೇಕಿನ ತಳದಲ್ಲಿ ಎಣ್ಣೆ ಎಣ್ಣೆ, ಮೇಲೆ ಒಣ. ಎಣ್ಣೆ ಕಲಬೆರಕೆಯಾ? — ಓದುಗರು, ಮಡಿಕೇರಿ

ಕಲಬೆರಕೆ ಅಲ್ಲ. ನಿಮ್ಮ ಊರಿನ ಚಳಿ ಮತ್ತು ನಿಮ್ಮ ಫ್ರಿಜ್ಜು, ಎರಡೂ ಸೇರಿ ಮಾಡಿದ ಕೆಲಸ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಮಂಗಳೂರಿನಲ್ಲಿ ವರ್ಷದ ಬಹುಪಾಲು ಅದು ನೀರಿನ ಹಾಗೇ ಇರುತ್ತದೆ, ಹಾಗಾಗಿ ಅಲ್ಲಿಯವರಿಗೆ ಈ ತಲೆನೋವು ಗೊತ್ತೇ ಇಲ್ಲ. ಮಡಿಕೇರಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ, ಅಲ್ವಾ? ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಸರು 5–6 ಡಿಗ್ರಿಯಲ್ಲಿರುತ್ತದೆ. ಅದರ ಮೇಲೆ ಬೆಚ್ಚಗಿನ ಎಣ್ಣೆ ಬಿದ್ದರೆ ಅಲ್ಲೇ ಹೆಪ್ಪುಗಟ್ಟಿ ಕಾಳು ಕಾಳಾಗುತ್ತದೆ. ಆಮೇಲೆ ಒಲೆಯ ಬಿಸಿಗೆ ಆ ಕಾಳುಗಳು ಮತ್ತೆ ಕರಗಿ, ಹಿಟ್ಟಿನ ಜೊತೆ ಬೆರೆಯದೆ, ತಳಕ್ಕೆ ಇಳಿಯುತ್ತವೆ. ನಿಮ್ಮ ಕೇಕಿನಲ್ಲಿ ಆಗಿದ್ದು ಇದೇ.

ಪರಿಹಾರ ಸುಲಭ. ಹಾಲು, ಮೊಸರು, ಮೊಟ್ಟೆ ಎಲ್ಲವನ್ನೂ ಒಂದು ಗಂಟೆ ಮೊದಲೇ ಹೊರಗಿಡಿ. ನಿಮ್ಮ ಊರಿನ ಚಳಿಗಾಲಕ್ಕೆ ಅದೂ ಸಾಲುವುದಿಲ್ಲ, ಯಾಕೆಂದರೆ ಹೊರಗಿಟ್ಟರೂ ಅಡುಗೆಮನೆಯೇ 18 ಡಿಗ್ರಿ ಇರುತ್ತದೆ. ಮೊಟ್ಟೆಯನ್ನು ಒಡೆಯದೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮುಳುಗಿಸಿಡಿ, ಮೊಸರಿನ ಬಟ್ಟಲನ್ನೂ ಅದೇ ನೀರಿನ ಮೇಲೆ ಕೂರಿಸಿ. ಎಣ್ಣೆ ಬೆರಳು ಅದ್ದಿದರೆ ಬೆಚ್ಚಗೆ ಅನಿಸುವಷ್ಟಿದ್ದರೆ ಸಾಕು. ಹೊಗೆಯಾಡುವಷ್ಟು ಕಾಯಿಸಿ ಸುರಿದರೆ ಮೊಟ್ಟೆ ಅಲ್ಲೇ ಬೆಂದು ಎಳೆ ಎಳೆಯಾಗುತ್ತದೆ. ಸುರಿಯುವಾಗಲೂ ಒಂದೇ ಸಲಕ್ಕೆ ಬೇಡ, ಒಂದು ಕೈಯಲ್ಲಿ ಸಣ್ಣ ಧಾರೆ, ಇನ್ನೊಂದು ಕೈಯಲ್ಲಿ ವಿಸ್ಕ್ ಆಡುತ್ತಲೇ ಇರಲಿ.

ಹರಳು ಆಗಿಯೇ ಹೋಯಿತು ಅನ್ನಿ. ಹಿಟ್ಟು ಇನ್ನೂ ಹಾಕಿಲ್ಲ ಅಂದರೆ ಚಿಂತೆ ಇಲ್ಲ, ಬಟ್ಟಲನ್ನು ಬಿಸಿನೀರಿನ ಪಾತ್ರೆ ಮೇಲೆ ಇಟ್ಟು ಕಲಕಿ, ಎರಡು ನಿಮಿಷದಲ್ಲಿ ಹೊಳಪು ಬರುತ್ತದೆ. ಹಿಟ್ಟು ಹಾಕಿಯಾಗಿದ್ದರೆ ಮಾತ್ರ ಜೋರಾಗಿ ಕಲಕಬೇಡಿ, ಮೈದಾ ಜಿಗುಟಾಗಿ ಕೇಕ್ ರಬ್ಬರ್ ಆಗುತ್ತದೆ. ಆಗಲೂ ಬಿಸಿನೀರಿನ ಮೇಲೆ ಸುಮ್ನೆ ಇಟ್ಟು ಸೌಟಿನಿಂದ ತಳದಿಂದ ಮೇಲಕ್ಕೆ ಎರಡು ಮೂರು ಸಲ ಮಗುಚಿ, ಅಷ್ಟೇ. ಸಾಸಿವೆ ಗಾತ್ರದ ಚುಕ್ಕೆಗಳು ಉಳಿದರೆ ಏನೂ ತೊಂದರೆ ಇಲ್ಲ.

ಪ್ರಶ್ನೆ: ರೆಸಿಪಿಯಲ್ಲಿ 100 ಗ್ರಾಂ ಬೆಣ್ಣೆ ಇದ್ದರೆ 100 ಗ್ರಾಂ ಕೊಬ್ಬರಿ ಎಣ್ಣೆ ಹಾಕಿದರೆ ಸರೀನಾ? — ಓದುಗರು, ಹುಬ್ಬಳ್ಳಿ

ಜಾಸ್ತಿಯಾಗುತ್ತದೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಭಾಗ, ಉಳಿದದ್ದರಲ್ಲಿ ಮುಕ್ಕಾಲು ಪಾಲು ನೀರು, ಜೊತೆಗೆ ಸ್ವಲ್ಪ ಉಪ್ಪು, ಹಾಲಿನ ಅಂಶ. ಕೊಬ್ಬರಿ ಎಣ್ಣೆಯಲ್ಲಿ ನೀರೇ ಇಲ್ಲ, ಪೂರ್ತಿ ಕೊಬ್ಬು. ಹಾಗಾಗಿ 100 ಗ್ರಾಂ ಬೆಣ್ಣೆಗೆ 80 ಗ್ರಾಂ ಎಣ್ಣೆ, ಮೇಲೆ ಒಂದು ದೊಡ್ಡ ಚಮಚ ಹಾಲು ಅಥವಾ ನೀರು. ತಕ್ಕಡಿ ಇಲ್ಲದಿದ್ದರೆ ಕರಗಿದ ಎಣ್ಣೆ 85–90 ಎಂಎಲ್ ಅಳೆಯಿರಿ, ಎಣ್ಣೆ ನೀರಿಗಿಂತ ಹಗುರ. ಯಾವಾಗಲೂ ಕರಗಿಸಿಯೇ ಅಳೆಯಿರಿ. ಗಟ್ಟಿ ಎಣ್ಣೆಯನ್ನು ಕಪ್ಪಿಗೆ ತುಂಬಿದರೆ ಮಧ್ಯೆ ಗಾಳಿಯ ಸಂದು ಉಳಿದು ಲೆಕ್ಕ ತಪ್ಪುತ್ತದೆ.

ಉಪ್ಪು ಮರೆಯಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹಳದಿ ಬೆಣ್ಣೆಯಲ್ಲಿ ಉಪ್ಪು ಇದ್ದೇ ಇರುತ್ತದೆ, ಎಣ್ಣೆಗೆ ಬದಲಾಯಿಸಿದಾಗ ಕೇಕ್ ಸಪ್ಪೆ ಅನಿಸುವುದಕ್ಕೆ ಅರ್ಧ ಕಾರಣ ಅದೇ. ಕಾಲು ಚಮಚ ಹಾಕಿ.

ಇನ್ನೊಂದು ಮಾತು. ರೆಸಿಪಿಯಲ್ಲಿ ಇರುವುದು ತುಪ್ಪವೋ ಡಾಲ್ಡಾವೋ ಆದರೆ ಈ ಲೆಕ್ಕಾಚಾರವೇ ಬೇಡ. ಅವೂ ಹೆಚ್ಚುಕಮ್ಮಿ ಪೂರ್ತಿ ಕೊಬ್ಬೇ, ತೂಕಕ್ಕೆ ತೂಕ ಹಾಕಿ. ನನ್ನ ಕೇಳಿದರೆ ಕೊಬ್ಬರಿ ಎಣ್ಣೆ ಬೆಣ್ಣೆಯ ಬದಲಿಗಿಂತ ತುಪ್ಪದ ಬದಲಿಯಾಗಿಯೇ ಚೆನ್ನಾಗಿ ನಡೆದುಕೊಳ್ಳುತ್ತದೆ.

ಪ್ರಶ್ನೆ: ಬೆಣ್ಣೆ, ಸಕ್ಕರೆ ಸೇರಿಸಿ ನೊರೆ ಬರುವ ತನಕ ತಿರುವಬೇಕು ಎಂದು ಬರೆದಿರುತ್ತಾರೆ. ಕರಗಿದ ಎಣ್ಣೆಯಲ್ಲಿ ಅರ್ಧ ಗಂಟೆ ಬೀಟರ್ ಆಡಿಸಿದರೂ ಏನೂ ಆಗಲಿಲ್ಲ. — ಓದುಗರು, ಶಿವಮೊಗ್ಗ

ಆಗುವುದೂ ಇಲ್ಲ, ಬೀಟರ್ ಸುಟ್ಟುಹೋಗಲಿಲ್ಲವಲ್ಲ, ಅದೇ ಪುಣ್ಯ. ಮೆತ್ತಗಿರುವ ಬೆಣ್ಣೆಗೆ ಸಕ್ಕರೆ ಹರಳು ಉಜ್ಜಿದಾಗ ಸಣ್ಣ ಸಣ್ಣ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಒಲೆಯಲ್ಲಿ ಬೇಕಿಂಗ್ ಪೌಡರಿನ ಅನಿಲ ಆ ಗುಳ್ಳೆಗಳನ್ನೇ ಊದಿಸುತ್ತದೆ. ಕರಗಿದ ಎಣ್ಣೆಗೆ ಗಾಳಿ ಹಿಡಿದಿಡುವ ಗಟ್ಟಿತನವೇ ಇಲ್ಲ. ಗಟ್ಟಿ ಕೊಬ್ಬರಿ ಎಣ್ಣೆ ತೆಗೆದುಕೊಂಡರೆ? ಅದು ಒಂದೋ ಕಲ್ಲು, ಇಲ್ಲ ನೀರು. ಬೆಣ್ಣೆಯ ಹಾಗೆ ಮೆತ್ತಗೆ ನಿಲ್ಲುವ ಹದ ಅದಕ್ಕೆ ತುಂಬಾ ಕಡಿಮೆ ಹೊತ್ತು.

ಆದ್ದರಿಂದ ರೆಸಿಪಿ ಓದುವಾಗ ಒಂದನ್ನೇ ನೋಡಿ. ಬೆಣ್ಣೆ ಕರಗಿಸಿ ಹಾಕಿ ಅಥವಾ ಎಣ್ಣೆ ಹಾಕಿ ಎಂದಿದ್ದರೆ ಕೊಬ್ಬರಿ ಎಣ್ಣೆ ಧೈರ್ಯವಾಗಿ ಹಾಕಿ. ಕ್ಯಾರೆಟ್ ಕೇಕ್, ಬಾಳೆಹಣ್ಣಿನ ಕೇಕ್, ಬ್ರೌನಿ, ಮಫಿನ್, ಮೊಸರು ಹಾಕುವ ರವೆ ಕೇಕ್ ಎಲ್ಲ ಈ ಗುಂಪು. ಬೆಣ್ಣೆ, ಸಕ್ಕರೆ ನೊರೆ ಬರಿಸಿ ಎಂದಿದ್ದರೆ ಬಿಟ್ಟುಬಿಡಿ, ಬೆಣ್ಣೆಯೇ ಇರಲಿ. ಪೌಂಡ್ ಕೇಕಿಗೆ ಕೊಬ್ಬರಿ ಎಣ್ಣೆ ಹಾಕಿ ಒದ್ದಾಡುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಮನೆಯಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇದೆ. ಅದನ್ನೇ ಹಾಕಬಹುದಾ? ಕೇಕ್ ತಿಂದವರು ತಲೆ ವಾಸನೆ ಎನ್ನುತ್ತಾರಾ? — ಓದುಗರು, ಬೆಂಗಳೂರು

ನಗುವ ಪ್ರಶ್ನೆ ಅಲ್ಲ ಇದು, ಸುಪ್ರೀಂ ಕೋರ್ಟಿನವರೆಗೂ ಹೋಗಿದೆ! ಸಣ್ಣ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆಗೆ ಅಡುಗೆ ಎಣ್ಣೆಯ ತೆರಿಗೆಯೋ ಕೂದಲೆಣ್ಣೆಯ ತೆರಿಗೆಯೋ ಎಂಬ ಜಗಳ ವರ್ಷಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಕೋರ್ಟು, ಬಾಟಲಿ ಚಿಕ್ಕದು ಎಂಬ ಒಂದೇ ಕಾರಣಕ್ಕೆ ಅದು ಕೂದಲೆಣ್ಣೆ ಆಗುವುದಿಲ್ಲ ಎಂದಿತು. ನೀವು ಮಾಡಬೇಕಾದ್ದು ಲೇಬಲ್ ಓದುವುದು. ಅದರಲ್ಲಿ ಖಾದ್ಯ ತೈಲ ಎಂದಿದ್ದು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ ಇದ್ದರೆ ತಿನ್ನಬಹುದು. ಕೂದಲೆಣ್ಣೆ ಎಂದಿದ್ದರೆ, ಮಲ್ಲಿಗೆ ಪರಿಮಳ, ಮಿನರಲ್ ಆಯಿಲ್ ಇತ್ಯಾದಿ ಸೇರಿದ್ದರೆ, ಬಚ್ಚಲುಮನೆಯಲ್ಲೇ ಇರಲಿ.

ವಾಸನೆಯ ವಿಷಯಕ್ಕೆ ಬಂದರೆ ಎಣ್ಣೆ ಎಣ್ಣೆಗೂ ವ್ಯತ್ಯಾಸ. ಒಣ ಕೊಬ್ಬರಿಯನ್ನು ಗಾಣಕ್ಕೆ ಹಾಕಿ ತೆಗೆದದ್ದು ಘಾಟು, ಕರಾವಳಿಯ ನಾಲಿಗೆಗೆ ಅದು ಹಿತ, ಬಯಲುಸೀಮೆಯ ನೆಂಟರು ಮೂಗು ಮುರಿಯಬಹುದು. ಹಸಿ ತೆಂಗಿನಕಾಯಿಯ ಹಾಲಿನಿಂದ ತೆಗೆದ ವರ್ಜಿನ್ ಎಣ್ಣೆಗೆ ಹದವಾದ ಕಾಯಿ ಪರಿಮಳ, ಕೇಕಿಗೆ ನನಗೆ ಅದೇ ಇಷ್ಟ, ಆದರೆ ಬೆಲೆ ಕೇಳಬೇಡಿ. ರಿಫೈನ್ಡ್ ಎಣ್ಣೆಗೆ ವಾಸನೆ ಇಲ್ಲವೆಂದೇ ಹೇಳಬಹುದು, ವೆನಿಲಾ ಕೇಕಿಗೆ ಅದೇ ಸರಿ. ಗಾಣದ ಎಣ್ಣೆಯೇ ಮನೆಯಲ್ಲಿದ್ದರೆ ಕೋಕೋ, ಬೆಲ್ಲ, ಏಲಕ್ಕಿ, ಚಕ್ಕೆ, ಕಳಿತ ಬಾಳೆಹಣ್ಣು ಇವುಗಳ ಜೊತೆ ಬಳಸಿ, ಅದರ ಘಾಟು ಅಲ್ಲಿ ಹೊಂದಿಕೊಳ್ಳುತ್ತದೆ. ಹಾಕುವ ಮೊದಲು ಮೂಸಿ ನೋಡಿ, ಹಳೇ ಕೊಬ್ಬರಿಯ ಕಮಟು ವಾಸನೆ ಬಂದರೆ ಯಾವ ಏಲಕ್ಕಿಯೂ ಅದನ್ನು ಮುಚ್ಚುವುದಿಲ್ಲ.

ಪ್ರಶ್ನೆ: ನಾನ್‌ಖಟಾಯಿ ಮಾಡಿದರೆ ಹರಡಿಕೊಂಡು ಎಲ್ಲ ಒಂದಕ್ಕೊಂದು ಅಂಟಿ ದೋಸೆಯಾಯಿತು. — ಓದುಗರು, ದಾವಣಗೆರೆ

ಬೇಸಿಗೆಯಲ್ಲಿ ಮಾಡಿರುತ್ತೀರಿ. 38 ಡಿಗ್ರಿ ಬಿಸಿಲಲ್ಲಿ ನಿಮ್ಮ ಎಣ್ಣೆ ಪೂರ್ತಿ ನೀರು, ಉಂಡೆ ತಟ್ಟೆಯ ಮೇಲೇ ಸಡಿಲವಾಗುತ್ತದೆ. ಕರಗಿದ ಎಣ್ಣೆಯನ್ನು ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು, ಅಂಚು ಬೆಳ್ಳಗಾಗುತ್ತಿದ್ದಂತೆ ತೆಗೆದು ಚಮಚದಲ್ಲಿ ಕಲಕಿ. ಮರಳು ಮರಳಾದ ತುಪ್ಪದ ಹದಕ್ಕೆ ಬರುತ್ತದೆ. ಆಗ ಪುಡಿ ಸಕ್ಕರೆ, ಹಿಟ್ಟು ಸೇರಿಸಿ. ಉಂಡೆ ಕಟ್ಟಿದ ಮೇಲೆ ಮತ್ತೆ ಹತ್ತು ನಿಮಿಷ ಫ್ರಿಜ್ಜು, ಅಲ್ಲಿಂದ ನೇರ ಬಿಸಿಯಾದ ಒಲೆಗೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಡಬೇಡಿ, ಬೆಳಿಗ್ಗೆ ಸುತ್ತಿಗೆ ಬೇಕಾಗುತ್ತದೆ.

ಪ್ರಶ್ನೆ: ಕೊಬ್ಬರಿ ಎಣ್ಣೆ ಹೊಗೆಯಾಡುವುದು 175 ಡಿಗ್ರಿಯಲ್ಲಂತೆ, ನಾನು ಬೇಕ್ ಮಾಡುವುದು 180ರಲ್ಲಿ. — ಓದುಗರು, ಕಲಬುರಗಿ

180 ಅನ್ನುವುದು ಒಲೆಯೊಳಗಿನ ಗಾಳಿಯ ಬಿಸಿ. ಕೇಕಿನ ಒಳಭಾಗ ನೀರಿನಂಶ ಇರುವುದರಿಂದ 100 ಡಿಗ್ರಿ ದಾಟುವುದಿಲ್ಲ. ಹೊಗೆ ಬರುವುದಿಲ್ಲ. ತಟ್ಟೆಯ ಅಂಚಿಗೆ ಜಾಸ್ತಿ ಬಳಿದಿದ್ದರೆ ಅದು ಸ್ವಲ್ಪ ಕಂದಬಹುದು, ಅಷ್ಟೇ.

ಪ್ರಶ್ನೆ: ಅಪ್ಪನಿಗೆ ಕೊಲೆಸ್ಟ್ರಾಲ್ ಇದೆ. ಬೆಣ್ಣೆಗಿಂತ ಕೊಬ್ಬರಿ ಎಣ್ಣೆ ಒಳ್ಳೆಯದು ಎಂದು ವಾಟ್ಸಾಪಿನಲ್ಲಿ ಬಂದಿತ್ತು, ಅದಕ್ಕೇ ಬದಲಾಯಿಸಿದೆ. — ಓದುಗರು, ಮೈಸೂರು

ಆ ಕಾರಣಕ್ಕೆ ಬದಲಾಯಿಸಿದ್ದರೆ ವಾಪಸ್ ಬನ್ನಿ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು, ಸುಮಾರು ಶೇ. 90. ಬೆಣ್ಣೆಯಲ್ಲಿ ಶೇ. 50ರ ಆಸುಪಾಸು. ಸೂರ್ಯಕಾಂತಿ ಎಣ್ಣೆಯಲ್ಲಿ ಶೇ. 10–11 ಮಾತ್ರ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರ ಸಲಹೆಯಲ್ಲಿ ಕೊಬ್ಬರಿ ಎಣ್ಣೆ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ ಏರಿಸುತ್ತದೆ, ಬಳಸದಿರುವುದು ಒಳ್ಳೆಯದು ಎಂದೇ ಹೇಳಿದೆ. ತಲೆತಲಾಂತರದಿಂದ ಕರಾವಳಿಯವರು ತಿಂದಿಲ್ಲವೇ ಎಂದು ಕೇಳುತ್ತೀರಿ, ಗೊತ್ತು. ತಿಂದಿದ್ದಾರೆ, ಮೀನು, ತರಕಾರಿ, ಕುಚ್ಚಲಕ್ಕಿ ಅನ್ನದ ಜೊತೆ ಮತ್ತು ಗದ್ದೆ ಕೆಲಸದ ಜೊತೆ. ಮೈದಾ, ಸಕ್ಕರೆ ಕೇಕಿನ ಜೊತೆ ಅಲ್ಲ. ಹಾಲು ಆಗದವರಿಗೆ, ವೀಗನ್ ಆದವರಿಗೆ, ಅಥವಾ ಸುಮ್ನೆ ಆ ರುಚಿ ಇಷ್ಟ ಎನ್ನುವವರಿಗೆ ಕೊಬ್ಬರಿ ಎಣ್ಣೆ ಕೇಕ್ ಚೆನ್ನ. ಅಪ್ಪನಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡಿ, ಚಿಕ್ಕ ತುಂಡು ಕೊಡಿ, ಎಷ್ಟು ಎಂಬುದನ್ನು ಅವರ ವೈದ್ಯರನ್ನು ಕೇಳಿ.

ಪ್ರಶ್ನೆ: ಮಾಡಿದ ದಿನ ಹತ್ತಿಯ ಹಾಗಿದ್ದ ಕೇಕ್ ಮಾರನೇ ದಿನ ಫ್ರಿಜ್ಜಿನಿಂದ ತೆಗೆದರೆ ಇಟ್ಟಿಗೆ. ಇಲ್ಲಿ ಚಳಿಯಲ್ಲಿ ಹೊರಗಿಟ್ಟರೂ ಅದೇ ಕಥೆ. ಮೊಟ್ಟೆ ಇಲ್ಲದ ಒಂದು ಅಳತೆಯನ್ನೂ ಕೊಡಿ. — ಕನ್ನಡತಿ, ಟೊರೊಂಟೊ

ಕೇಕಿನೊಳಗಿನ ಎಣ್ಣೆಯೂ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಕೇಕ್ ಹಾಳಾಗಿಲ್ಲ, ತುಂಡನ್ನು ಮೈಕ್ರೋವೇವಿನಲ್ಲಿ 10–15 ಸೆಕೆಂಡ್ ಇಟ್ಟರೆ ಮತ್ತೆ ಮೆತ್ತಗೆ. ನಿಮ್ಮಂಥ ಊರಿನಲ್ಲಿ ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಸೂರ್ಯಕಾಂತಿ ಎಣ್ಣೆ ಹಾಕುವುದೇ ಜಾಣತನ. ಪರಿಮಳ ಉಳಿಯುತ್ತದೆ, ಇಟ್ಟಿಗೆ ಆಗುವುದಿಲ್ಲ. ಕ್ರೀಮ್ ಹಚ್ಚಿ ಫ್ರಿಜ್ಜಿನಲ್ಲೇ ಇಡಬೇಕಾದ ಬರ್ತ್‌ಡೇ ಕೇಕಿಗಂತೂ ಪೂರ್ತಿ ಕೊಬ್ಬರಿ ಎಣ್ಣೆ ಬೇಡವೇ ಬೇಡ.

ಅಳತೆ ಇಲ್ಲಿದೆ. ಸಿಪ್ಪೆ ಕಪ್ಪಾದ ದೊಡ್ಡ ಬಾಳೆಹಣ್ಣು ಮೂರು, ಸಿಪ್ಪೆ ತೆಗೆದ ಮೇಲೆ ಸುಮಾರು 300 ಗ್ರಾಂ, ಕೈಯಲ್ಲೇ ಕಿವುಚಿ. ಬೆಲ್ಲದ ಪುಡಿ 120 ಗ್ರಾಂ, ಹುಳಿಯಾಗದ ಮೊಸರು 100 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ ಬೆಲ್ಲ ಕರಗುವ ತನಕ ಕಲಕಿ. ಎಲ್ಲ ಬೆಚ್ಚಗಿದೆಯಾ ನೋಡಿಕೊಂಡು ಕರಗಿದ ಎಣ್ಣೆ 80 ಎಂಎಲ್ ಧಾರೆಯಾಗಿ ಬಿಡಿ. ಗೋಧಿಹಿಟ್ಟು 180 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಸೋಡಾ ಅರ್ಧ ಚಮಚ ಜರಡಿ ಹಿಡಿದು ಸೇರಿಸಿ, ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ಬ್ರೆಡ್ ಟಿನ್ನಿನಲ್ಲಿ ಹಾಕಿ 175 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಮೇಲೆ ಬೇಗ ಕೆಂಪಾದರೆ, ಬೆಲ್ಲಕ್ಕೆ ಆಗುತ್ತದೆ, ಫಾಯಿಲ್ ಮುಚ್ಚಿ. ಪೂರ್ತಿ ಆರಿದ ಮೇಲೇ ಕತ್ತರಿಸಿ, ಬಿಸಿಯಲ್ಲಿ ಕತ್ತರಿಸಿದರೆ ಮುದ್ದೆ ಅನಿಸುತ್ತದೆ.