ಆಮೇರ್‌ಗೆ ಎರಡು ಗಂಟೆ ಸಾಲದು

ಮಲ್ಲೇಶ್ವರದ ಓದುಗರಿಗೆ ನಮಸ್ಕಾರ.

ಡಿಸೆಂಬರ್ ರಜೆಗೆ ಜೈಪುರಕ್ಕೆ ಹೊರಟಿದ್ದೀರಿ. ಟ್ರಾವೆಲ್ಸ್‌ನವರು ಆಮೇರ್ ಅರಮನೆಗೆ ಎರಡು ಗಂಟೆ ಇಟ್ಟಿದ್ದಾರೆ. ಮಂಡಿನೋವಿರುವ ಅಮ್ಮನನ್ನು ಆನೆ ಮೇಲೆ ಕಳಿಸಬಹುದೇ, ಕೆಳಗಿನ ಕೆರೆಯ ತೋಟವನ್ನು ಬಿಟ್ಟರೆ ನಡೆದೀತೇ ಎಂದು ಕೇಳಿದ್ದೀರಿ. ತೋಟ ಬಿಡಬೇಡಿ. ಆಮೇರ್ ಬೆಟ್ಟದ ಮೇಲೆ ಕೂತಿದ್ದರೂ ಅದರ ಜೀವ ಇದ್ದದ್ದು ಕೆಳಗಿನ ಮಾವಟಾ ಕೆರೆಯ ನೀರಿನಲ್ಲಿ. ಕೆರೆ, ತೋಟ, ಅರಮನೆ ಮೂರನ್ನೂ ಸೇರಿಸಿ ನೋಡಬೇಕೆಂದರೆ ಅರ್ಧ ದಿನ ಬೇಕು. ಬೇರೆ ಯಾವುದನ್ನಾದರೂ ಪಟ್ಟಿಯಿಂದ ತೆಗೆಸಿ, ಇದಕ್ಕೆ ಹೊತ್ತು ಕೊಡಿ.

ಮೊದಲು ಅಮ್ಮನ ವಿಷಯ. ಆನೆ ಖಂಡಿತ ಬೇಡ. ಆನೆಯ ಬೆನ್ನುಮೂಳೆ ಭಾರ ಹೊರುವುದಕ್ಕೆ ಹೇಳಿ ಮಾಡಿಸಿದ್ದಲ್ಲ. ಕಲ್ಲು ಹಾಸಿನ ಏರುದಾರಿಯಲ್ಲಿ ಹೊತ್ತು ಹತ್ತುವುದು ಅದಕ್ಕೆ ಹಿಂಸೆ. ಮೇಲೆ ಕೂತವರಿಗೂ ಓಲಾಟದಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಅದರ ಬದಲು ಆಮೇರ್ ಊರಿನ ಓಣಿಗಳನ್ನು ಸುತ್ತಿಕೊಂಡು ಹಿಂಬದಿಯ ಚಾಂದ್ ಪೋಲ್ (ಪೋಲ್ ಎಂದರೆ ಹೆಬ್ಬಾಗಿಲು) ಹತ್ತಿರ ಬಿಡುವ ಜೀಪು ಹಿಡಿಯಿರಿ. ಬಾಡಿಗೆಯನ್ನು ಹೋಗಿಬರಲು ಸೇರಿಸಿ, ಎಷ್ಟು ಹೊತ್ತು ಕಾಯಬೇಕೆಂದೂ ಹೇಳಿ, ಹತ್ತುವ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ನೀವು ಒಳಗೆ ಹೋಗಿ ಗಂಟೆಯಾಗುವಷ್ಟರಲ್ಲಿ ಡ್ರೈವರ್ ಫೋನ್ ಮೇಲೆ ಫೋನ್ ಮಾಡುತ್ತಾರೆ.

ನಡೆಯಬಲ್ಲವರು ಮಾತ್ರ ಕೆರೆಯ ಉತ್ತರ ತುದಿಯ ದಿಲಾರಾಮ್ ಬಾಗ್ ಕಡೆಯಿಂದ ಸೂರಜ್ ಪೋಲ್‌ಗೆ ಹತ್ತಿ. ಕಾಲು ಗಂಟೆಯ ಏರು. ಸವೆದ ಕಲ್ಲು ಜಾರುತ್ತದೆ, ಹಿಡಿತವಿರುವ ಶೂ ಇರಲಿ. ಎಲ್ಲರೂ ಮೊದಲ ಅಂಗಳವಾದ ಜಲೇಬ್ ಚೌಕದಲ್ಲಿ ಸೇರಬಹುದು. ಅಲ್ಲಿಂದ ಸಿಂಗ್ ಪೋಲ್‌ಗೆ ಮೆಟ್ಟಿಲು ಕಡಿದಾಗಿವೆ, ಅಮ್ಮನಿಗೆ ಇದೇ ದೊಡ್ಡ ಪರೀಕ್ಷೆ. ಇದೊಂದನ್ನು ನಿಧಾನವಾಗಿ ಹತ್ತಿಸಿದರೆ ಮುಂದಿನ ಎರಡು ಅಂಗಳಗಳನ್ನು ಅವರೂ ನೋಡಬಹುದು. ಕೊನೆಯದು ರಾಜಾ ಮಾನಸಿಂಗನ ಕಾಲದ ಹಳೆಯ ಅರಮನೆ, ರಾಣಿವಾಸ. ಅಲ್ಲಿ ಇಕ್ಕಟ್ಟಾದ ಓಣಿ, ಕತ್ತಲ ಮೆಟ್ಟಿಲು. ಅಮ್ಮ ಅದಕ್ಕೆ ಮುಂಚಿನ, ತೋಟವಿರುವ ಮೂರನೆಯ ಅಂಗಳದಲ್ಲೇ ಕೂತಿರಲಿ.

ಮಾನಸಿಂಗ್ 1592ರಲ್ಲಿ ಕಟ್ಟಲು ಶುರುಮಾಡಿದ. ಕನ್ನಡಿ ಚೂರುಗಳನ್ನು ಕೂರಿಸಿದ ಶೀಶ್ ಮಹಲ್ ಇರುವ ಮೂರನೆಯ ಅಂಗಳ ಮಿರ್ಜಾ ರಾಜಾ ಜಯಸಿಂಗನದು. 1727ರಲ್ಲಿ ರಾಜಧಾನಿ ಕೆಳಗೆ ಜೈಪುರಕ್ಕೆ ಹೋಯಿತು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಎನ್ನುವುದು ಈ ಅಂಗಳಕ್ಕಾಗಿಯೇ, ಏಕೆಂದರೆ ಬಸ್ಸುಗಳು ಬಂದ ಮೇಲೆ ಶೀಶ್ ಮಹಲ್ ಮುಂದೆ ನಿಲ್ಲಲೂ ಜಾಗವಿರುವುದಿಲ್ಲ. ಕನ್ನಡಿಗಳನ್ನು ಹೊರಗಿನಿಂದಲೇ ನೋಡಬೇಕು. ಎಲ್ಲರೂ ತಲೆ ಮೇಲೆತ್ತಿಕೊಂಡಿರುವಾಗ ನೀವು ಕಂಬದ ಬುಡ ನೋಡಿ. ಅಲ್ಲಿ ಅಮೃತಶಿಲೆಯಲ್ಲಿ ಕೊರೆದ ಹೂವೊಂದಿದೆ. ಒಂದೊಂದು ಭಾಗ ಮುಚ್ಚಿದರೆ ಅದರಲ್ಲೇ ಮೀನಿನ ಬಾಲ, ಹೆಡೆ ಎತ್ತಿದ ಹಾವು, ಆನೆಯ ಸೊಂಡಿಲು, ಚೇಳು ಕಾಣುತ್ತವೆ.

ಎದುರಿಗಿರುವ ಸುಖ ನಿವಾಸವನ್ನು ಹೆಚ್ಚಿನವರು ದಾಟಿ ಹೋಗಿಬಿಡುತ್ತಾರೆ. ನಮಗೆ ಇಡೀ ಆಮೇರ್‌ನಲ್ಲಿ ಅತ್ಯಂತ ಪ್ರಿಯವಾದದ್ದು ಅದೇ. ಗೋಡೆಯಲ್ಲಿ ಇಳಿಜಾರಾಗಿ ನಿಲ್ಲಿಸಿದ ಅಮೃತಶಿಲೆಯ ಹಾಸಿನ ಮೇಲೆ ನೀರು ತೆಳುವಾಗಿ ಹರಡಿ ಇಳಿದು, ನೆಲದ ಕಾಲುವೆಯಲ್ಲಿ ಹರಿದು, ಹೊರಗಿನ ನಾಲ್ಕು ಭಾಗಗಳ ಚಾರ್‌ಬಾಗ್ ತೋಟಕ್ಕೆ ಸೇರುತ್ತಿತ್ತು. ಗಾಳಿ ಆ ನೀರನ್ನು ಸವರಿಕೊಂಡು ಕೋಣೆಗೆ ಬರುತ್ತಿತ್ತು. ನೀರು ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ರಾಜಸ್ಥಾನದ ಒಣ ಹವೆಯಲ್ಲಿ ಆವಿಯಾಗುವುದು ಬೇಗ, ಹಾಗಾಗಿ ತಂಪೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಇದೇ ಏರ್ಪಾಡು ಮಾಡಿದರೆ ಬರೀ ತೇವ ಉಳಿಯುತ್ತದೆ. ಅಷ್ಟು ಎತ್ತರಕ್ಕೆ ನೀರು ಬಂದದ್ದು ಮಾವಟಾದಿಂದ. ಗಡಿಗೆಗಳ ಸರ ಕಟ್ಟಿದ ರಹಟ್ ಚಕ್ರಗಳಿಂದ ಒಂದು ತೊಟ್ಟಿಗೆ ಎತ್ತಿ, ಅಲ್ಲಿಂದ ಮೇಲಿನ ತೊಟ್ಟಿಗೆ ಮತ್ತೆ ಎತ್ತಿ, ಹಂತ ಹಂತವಾಗಿ ಏರಿಸುತ್ತಿದ್ದರು.

ಈಗ ನೀವು ಕೇಳಿದ ತೋಟ, ಕೇಸರ್ ಕ್ಯಾರಿ. ಕೆರೆಯೊಳಗೆ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ಜಗಲಿಗಳ ಮೇಲೆ ನಕ್ಷತ್ರಾಕಾರದ ಪಾತಿಗಳಿವೆ. ಅದನ್ನು ರೂಪಿಸಿರುವುದೇ ಮೇಲಿನಿಂದ ನೋಡಲು. ಎರಡನೆಯ ಅಂಗಳ, ಅಂದರೆ ದಿವಾನ್-ಎ-ಆಮ್ (ಸಾರ್ವಜನಿಕ ದರ್ಬಾರು ಮಂಟಪ) ಇರುವ ಅಂಗಳದ ಕೆರೆ ಬದಿಗೆ ಹೋಗಿ ನಿಂತರೆ ಇಡೀ ವಿನ್ಯಾಸ ಕಣ್ಣಿಗೆ ಸಿಗುತ್ತದೆ; ತೋಟದೊಳಗೆ ನಿಂತರೆ ಬರೀ ಕುರುಚಲು ಬೇಲಿ ಕಾಣುತ್ತದೆ. ಇಲ್ಲಿ ಕೇಸರಿ ಬೆಳೆಯಲು ಹೊರಟಿದ್ದರೆಂದು ಗೈಡ್‌ಗಳು ಹೇಳುತ್ತಾರೆ. ಕಾಶ್ಮೀರದ ಪಾಂಪೋರ್‌ನಂಥ ಚಳಿ ಬೇಡುವ ಗಿಡಕ್ಕೆ ಈ ಬಿಸಿಲು ಒಗ್ಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆಯ ನೀರೂ ತಳ ಮುಟ್ಟುತ್ತದೆ, ಫೋಟೊದಲ್ಲಿ ಕಂಡದ್ದೇ ಸಿಗುತ್ತದೆಂದು ಮಕ್ಕಳಿಗೆ ಹೇಳಿಡಬೇಡಿ.

ಕೆರೆ ಇರುವುದು ಅರಮನೆಯ ಪೂರ್ವಕ್ಕೆ. ಹಾಗಾಗಿ ರಸ್ತೆಯಿಂದ ಅರಮನೆಯ ಫೋಟೊಗೆ ಬೆಳಗ್ಗೆ ಒಳ್ಳೆಯದು. ಅರಮನೆಯಿಂದ ತೋಟದ ಫೋಟೊಗೆ ಮಧ್ಯಾಹ್ನದ ಮೇಲೆ, ಆಗ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ. ಜಲೇಬ್ ಚೌಕದ ಶಿಲಾದೇವಿ ಗುಡಿಗೆ ಹೋಗುವುದಿದ್ದರೆ ಬೆಳಗ್ಗೆಯೇ ಮುಗಿಸಿಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ.

ಇನ್ನೊಂದು ಮಾತು. ಡಿಸೆಂಬರ್ ಕೊನೆಯಲ್ಲಿ ಉತ್ತರದ ಮಂಜಿಗೆ ವಿಮಾನ, ರೈಲು ತಡವಾಗುವುದು ಮಾಮೂಲು. ಬೆಂಗಳೂರಿನಿಂದ ಇಳಿದ ದಿನವೇ ಆಮೇರ್ ಇಟ್ಟುಕೊಳ್ಳದೆ ಮರುದಿನ ಬೆಳಗ್ಗೆಗೆ ಬದಲಾಯಿಸಿ. ಅಮ್ಮನಿಗೆ ಸ್ವೆಟರ್ ಜೊತೆಗೆ ಕಾಲುಚೀಲವೂ ಇರಲಿ, ಆ ಹೊತ್ತಿನಲ್ಲಿ ಅಲ್ಲಿಯ ಕಲ್ಲು ನೆಲ ಕೊರೆಯುತ್ತದೆ.

— ಸಂ.