ಡಲ್ಲಾಸ್ ಕಡೆ ಮನೆ ತಗೊಳ್ಳುವವರಿಗೆ: ಟ್ಯಾಕ್ಸು, ಮತ್ತೆ ನನ್ನದೊಂದು ಆಷಾಢ

ಎಚ್‌1ಬಿ ಕೆಲಸದ ವೀಸಾ ಮೇಲೆ ಬಂದು ಎರಡು ವರ್ಷ ಆಯ್ತು, ಫ್ರಿಸ್ಕೋದಲ್ಲಿ ಹೊಸ ಮನೆ ಬುಕ್ ಮಾಡ್ತಿದ್ದೀನಿ, ಇಲ್ಲಿ ಸ್ಟಾಂಪ್ ಡ್ಯೂಟಿ ಎಷ್ಟು, ಮುಂದೆ ಮಾರಿದರೆ ಲಾಭಕ್ಕೆ ಟ್ಯಾಕ್ಸ್ ಎಷ್ಟು, ದಾವಣಗೆರೆ ಸೈಟ್ ಮಾರಿ ದುಡ್ಡು ತರಿಸಲಾ ಅಂತ ಕೇಳಿದ್ದೀರಿ. ಮಧ್ಯದ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ. ಅದಕ್ಕೆ ನಾನು ಫೀಸು ಕಟ್ಟಿ ಕಲಿತಿದ್ದೇನೆ.

2007ರಲ್ಲಿ ನಾನು ಡಲ್ಲಾಸ್ ಪಕ್ಕದ ಅರ್ವಿಂಗ್‌ಗೆ ಬಂದಿಳಿದ ಎರಡನೇ ದಿನ 20 ಡಾಲರಿನ ಕಂಬಳಿ ತಗೊಂಡೆ. ಬಿಲ್ಲು 21 ಡಾಲರ್ 65 ಸೆಂಟ್ ಬಂತು. ಎಂಆರ್‌ಪಿ ಮೇಲೆ ಹೇಗೆ ತಗೋತೀರಿ ಅಂತ ಕೌಂಟರಿನ ಹುಡುಗಿ ಹತ್ತಿರ ಜಗಳಕ್ಕೇ ನಿಂತೆ. ಅವಳಿಗೆ ಎಂಆರ್‌ಪಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಬರೆದಿರುವ ಬೆಲೆ ಬೇರೆ, ಕೈಬಿಡುವ ದುಡ್ಡು ಬೇರೆ ಅನ್ನೋದು ಅವತ್ತೇ ತಲೆಗೆ ಹೋಗಬೇಕಿತ್ತು.

ಸ್ಟಾಂಪ್ ಡ್ಯೂಟಿ ಟೆಕ್ಸಾಸಿನಲ್ಲಿ ಇಲ್ಲ. ಖುಷಿಪಡಬೇಡಿ. ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದೇ ಸಲ ಕಕ್ಕುವುದನ್ನು ಇಲ್ಲಿ ವರ್ಷಾವರ್ಷ ಕಕ್ಕಿಸುತ್ತಾರೆ. ರಾಜ್ಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಸ್ಕೂಲು, ಕೌಂಟಿ, ಸಿಟಿ ಎಲ್ಲ ನಡೆಯಬೇಕಲ್ಲ, ಪ್ರಾಪರ್ಟಿ ಟ್ಯಾಕ್ಸೇ ಗತಿ. ಮನೆ ಬೆಲೆಯ ಸುಮಾರು 2% ಅಂತ ಇಟ್ಕೊಳ್ಳಿ. ಹಾಸನದ ಮನೆ ಕಂದಾಯದ ರಸೀದಿ ನೋಡಿ ಬೆಳೆದವನಿಗೆ ಇದು ಹೃದಯಕ್ಕೆ ಹೊಡೆಯುವ ಲೆಕ್ಕ.

ಹೊಸ ಮನೆಯಲ್ಲಿ ಇನ್ನೊಂದು ಆಟ ಇದೆ. ಜನವರಿ 1ಕ್ಕೆ ಅಲ್ಲಿ ಏನಿತ್ತೋ ಅದಕ್ಕೆ ಆ ವರ್ಷದ ಟ್ಯಾಕ್ಸ್. ಆಗ ಬರೀ ಸೈಟಿದ್ದರೆ ಬರೀ ಸೈಟಿಗೆ. ಅದನ್ನೇ ನೋಡಿಕೊಂಡು ತಿಂಗಳ ಕಂತಿನಲ್ಲಿ ಎಸ್ಕ್ರೋ, ಅಂದರೆ ಟ್ಯಾಕ್ಸಿಗೆ ಅಂತ ಎತ್ತಿಡುವ ದುಡ್ಡು, ಕಡಿಮೆ ಹಿಡಿದಿರುತ್ತಾರೆ. ಮುಂದಿನ ವರ್ಷ ಪೂರ್ತಿ ಮನೆಯ ಬಿಲ್ಲು ಬಂದಾಗ, ಹಳೆ ಬಾಕಿಯನ್ನೂ ಸೇರಿಸಿ ಕಂತು ದಿಢೀರ್ ಏರುತ್ತದೆ. ಮೊದಲ ವರ್ಷದ ಕಂತು ನೋಡಿ ಸೋಫಾ ಬುಕ್ ಮಾಡಬೇಡಿ. ನೀವೇ ವಾಸ ಇರುವ ಮನೆಗೆ ಪ್ರಾಪರ್ಟಿ ಟ್ಯಾಕ್ಸ್ ಕಡಿಮೆ ಮಾಡುವ ಹೋಮ್‌ಸ್ಟೆಡ್ ಅರ್ಜಿ ತಪ್ಪದೆ ಹಾಕಿ, ಗ್ರೀನ್ ಕಾರ್ಡ್ ಬೇಕಿಲ್ಲ, ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಮನೆ ವಿಳಾಸ ಇರಬೇಕು ಅಷ್ಟೇ. ಅರ್ಜಿ ಫ್ರೀ. ದುಡ್ಡು ಕೊಟ್ಟರೆ ಹಾಕಿಕೊಡ್ತೀವಿ ಅಂತ ಬರುವ ಕಾಗದಗಳನ್ನು ಹರಿದು ಬಿಸಾಕಿ.

ಈಗ ಮಾರುವ ವಿಷಯ. ಮಾರುವ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಿ, ಅದರಲ್ಲಿ ಒಟ್ಟು ಎರಡು ವರ್ಷ ನೀವೇ ಆ ಮನೆಯಲ್ಲಿ ಇದ್ದಿರಬೇಕು, ಮನೆ ನಿಮ್ಮದಾಗಿರಬೇಕು. ಹಾಗಿದ್ದರೆ ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಹಾಕುವವರಿಗೆ 5,00,000 ಡಾಲರ್ ತನಕ, ಒಬ್ಬರಿಗೆ 2,50,000 ತನಕ ಲಾಭಕ್ಕೆ ಫೆಡರಲ್ ಟ್ಯಾಕ್ಸ್ ಇಲ್ಲ. ಎರಡು ವರ್ಷ ತುಂಬುವ ಮುಂಚೆ ಕೆಲಸಕ್ಕೋಸ್ಕರ ದೂರ ಹೋಗಬೇಕಾಗಿ ಮಾರಿದರೆ ಸ್ವಲ್ಪ ಭಾಗ ಸಿಗುತ್ತದೆ.

ನನಗೆ "ಎರಡು ವರ್ಷ ಇದ್ದರೆ ಸಾಕು" ಅನ್ನೋದು ಮಾತ್ರ ನೆನಪಿತ್ತು. ಐದು ವರ್ಷದ ಕಿಟಕಿ ನೆನಪಿರಲಿಲ್ಲ. 2012ರಲ್ಲಿ ತಗೊಂಡ ಮನೆ, ಗೃಹಪ್ರವೇಶಕ್ಕೆ ಅಪ್ಪ ಅಮ್ಮ ಬಂದಿದ್ದರು. 2016ರ ಜುಲೈ 19ಕ್ಕೆ ಕೆಲಸದ ಮೇಲೆ ನ್ಯೂಜೆರ್ಸಿಗೆ ಹೊರಟೆವು. ಮೊದಲ ಮನೆ, ಪೂಜೆ ಮಾಡಿದ ಹೊಸಿಲು, ಮಾರಲು ಮನಸ್ಸು ಬರಲಿಲ್ಲ. ಬಾಡಿಗೆಗೆ ಕೊಟ್ಟೆವು. ಮೂರು ವರ್ಷದಲ್ಲಿ ವಾಟರ್ ಹೀಟರ್, ಎಸಿ ಎರಡೂ ನನ್ನ ಜೇಬು ಖಾಲಿ ಮಾಡಿದವು.

2019ರ ಜೂನಿನಲ್ಲಿ ಗಿರಾಕಿ ಸಿಕ್ಕರು. ಜುಲೈ 11ಕ್ಕೆ ಕ್ಲೋಸಿಂಗ್, ಅಂದರೆ ನಮ್ಮ ರಿಜಿಸ್ಟ್ರಿ ಥರ, ಇಟ್ಟುಕೊಳ್ಳೋಣ ಅಂದರು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಆಷಾಢದಲ್ಲಿ ಯಾರಾದ್ರೂ ರಿಜಿಸ್ಟ್ರಿ ಮಾಡ್ತಾರೇನೋ? ಒಂದು ತಿಂಗಳು ತಡಿ" ಅಂದರು. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಗಿರಾಕಿಯ ಅಪಾರ್ಟ್‌ಮೆಂಟ್ ಲೀಸ್ ಆಗಸ್ಟ್ ತನಕ ಇತ್ತು, ಅವರೂ ಸಂತೋಷವಾಗಿ ಒಪ್ಪಿದರು. ಆಗಸ್ಟ್ 9, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬದ ದಿನ ಸಹಿ ಹಾಕಿದೆ. ಎಷ್ಟು ಚೆನ್ನಾಗಿ ಕೂಡಿ ಬಂತು ಅಂದುಕೊಂಡೆ.

ಮುಂದಿನ ವರ್ಷ ಟ್ಯಾಕ್ಸ್ ಮಾಡುವವರು ತಾರೀಖು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಹೇಳಿದರು. ಮನೆಗೆ ಬಂದು ಇಂಡಿಯನ್ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದ 2019ರ ಕ್ಯಾಲೆಂಡರನ್ನು ಡ್ರಾಯರಿನಿಂದ ತೆಗೆದೆ. ಆಗಸ್ಟ್ 9ರ ಸುತ್ತ ಹೆಂಡತಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು, ಪಕ್ಕದಲ್ಲಿ "ಕ್ಲೋಸಿಂಗ್, ಬಳೆ" ಅಂತ. ಮನೆ ಬಿಟ್ಟು ಮೂರು ವರ್ಷ ತುಂಬಿದ ಜುಲೈ 19ರಿಂದ ಅಲ್ಲಿಗೆ ಬೆರಳಿಟ್ಟು ಎಣಿಸಿದೆ. ಇಪ್ಪತ್ತೊಂದು ಚೌಕ. ಜುಲೈ 11ಕ್ಕೆ ಮಾರಿದ್ದರೆ ಎರಡು ವರ್ಷದ ಮೇಲೆ ಎಂಟು ದಿನ ಜಾಸ್ತಿಯೇ ಇರುತ್ತಿತ್ತು. 1,08,000 ಡಾಲರ್ ಲಾಭಕ್ಕೆ ಫೆಡರಲ್ 15%, ನ್ಯೂಜೆರ್ಸಿಯದ್ದು ಬೇರೆ. 22,000 ಚಿಲ್ಲರೆ ಹೋಯಿತು.

ಬಾಡಿಗೆ ವರ್ಷಗಳ ಸವಕಳಿ ಅಂತ ಇನ್ನೊಂದಿದೆ. ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ ವರ್ಷಾವರ್ಷ ಖರ್ಚು ತೋರಿಸುತ್ತೀವಲ್ಲ, ಮಾರುವಾಗ ಅದನ್ನು ವಾಪಸ್ ಕೇಳುತ್ತಾರೆ, 25% ತನಕ. ಇದು ಹೇಗಿದ್ದರೂ ಕಟ್ಟಬೇಕಿತ್ತು, ಅದಕ್ಕೆ ಬೇಜಾರಿಲ್ಲ. ನೀವು ಖರ್ಚು ತೋರಿಸದೆ ಬಿಟ್ಟಿದ್ದರೂ ತೋರಿಸಿದ್ದೀರಿ ಅಂತಲೇ ಲೆಕ್ಕ ಹಾಕುತ್ತಾರೆ, ಅದು ಗೊತ್ತಿರಲಿ.

ಊರಿಗೆ ವಾಪಸ್ ಹೋಗಿ ಅಲ್ಲಿಂದ ಈ ಮನೆ ಮಾರುವ ಯೋಚನೆ ಇದ್ದರೆ, ಸಾಮಾನ್ಯವಾಗಿ 15% ಮೊದಲೇ ಹಿಡಿದುಕೊಳ್ಳುತ್ತಾರೆ. ಲಾಭದ ಮೇಲಲ್ಲ, ಮಾರಿದ ಬೆಲೆಯ ಮೇಲೆ. ರಿಟರ್ನ್ ಹಾಕಿ ಹೆಚ್ಚಿನದ್ದು ವಾಪಸ್ ತಗೋಬೇಕು. ಸಾಧ್ಯವಾದರೆ ಹೋಗುವ ಮುಂಚೆಯೇ ಮಾರಿ.

ಅಪ್ಪ 2021ರಲ್ಲಿ ಹೋದರು. ಅವರಿಗೆ ಈ 22,000ದ ವಿಷಯ ನಾನು ಹೇಳಲೇ ಇಲ್ಲ. ಬಂದವರ ಮುಂದೆಲ್ಲ "ಶ್ರಾವಣ ಬರೋ ತನಕ ತಡೆದ, ಒಳ್ಳೆ ರೇಟು ಬಂತು" ಅಂತಿದ್ದರು. ಫೋನಿನ ಈ ಕಡೆ ನಾನು ಹೌದಪ್ಪ ಅಂತಿದ್ದೆ. ಮಾರಿದ್ದಕ್ಕಿಂತ, ಆ ಮನೆಯನ್ನು ಮೂರು ವರ್ಷ ಹಿಡಿದಿಟ್ಟುಕೊಂಡಿದ್ದು ಯಾಕೆ ಅಂತ ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ.

ದಾವಣಗೆರೆ ಸೈಟ್ ನಿಮ್ಮ ಹೆಸರಿನಲ್ಲಿದ್ದರೆ ಅಲ್ಲಿ ಕೊಳ್ಳುವವರು ಟಿಡಿಎಸ್ ಹಿಡಿಯುತ್ತಾರೆ, ಇಲ್ಲಿಯೂ ಲಾಭ ತೋರಿಸಬೇಕು, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತದೆ. ನಿಮ್ಮಪ್ಪನ ಹೆಸರಿನಲ್ಲಿದ್ದು, ಅವರೇ ಮಾರಿ ನಿಮಗೆ ದುಡ್ಡು ಕೊಟ್ಟರೆ ನಿಮಗೆ ಇಲ್ಲಿ ಟ್ಯಾಕ್ಸ್ ಇಲ್ಲ, ವರ್ಷಕ್ಕೆ 1,00,000 ಡಾಲರ್ ದಾಟಿದರೆ ಫಾರಂ 3520 ಅಂತ ಬರೀ ಮಾಹಿತಿ ಕೊಡುವ ಫಾರಂ ಹಾಕಬೇಕು ಅಷ್ಟೇ. ಯಾರ ಹೆಸರಿನಲ್ಲಿದೆ, ಮೊದಲು ಅದು ಹೇಳಿ.